ಚೆಲುವಿಗೆ ಬಂದ ಹಕಾರ

ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರೂ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕಾಗದ ಬರೆದಾಗ, ಏನನ್ನು ಬರೆಯಲೆಂದು ಬಹಳ ದಿನ ಯೋಚಿಸಿದೆನು. ಶಾಲೆಯ ಗಂಟೆ, ಬೆಳಗಿನ ಪ್ರಾರ್ಥನೆ, ಹೊಲಿಗೆಯ ಪಾಠ, ವಿದ್ಯಾರ್ಥಿನಿಲಯದ ಹುರುಳಿಯ ಸಾರು, ಇವುಗಳನ್ನು ಕುರಿತು ನನ್ನ ಸಹಪಾಠಿನಿಯರು ನನಗಿಂತ ಸೊಗಸಾಗಿ ಬರೆಯಬಲ್ಲರು. ನನಗೆ ಈ ಶಾಲೆಯಲ್ಲಿ ದೊರೆತುದು ಒಂದು ಅಕ್ಷರ. ಅದು ಹಕಾರ. ದೊರೆತುದಕ್ಕಿಂತ ಮೊದಲು ಅದು ನನ್ನನ್ನು ಅಳಿಸಿತು. ಆದುದರಿಂದ ಅದರ ಕಥೆಯನ್ನೇ ಬರೆಯುತ್ತೇನೆ. ನಡುವೆ ಸ್ವಲ್ಪ ವ್ಯಾಕರಣ ಬಂದರೆ ವಾಚಕ ಸೋದರಿಯರು ಬೇಸರಪಡಬಾರದು; ಜೀವಮಾನವೆಲ್ಲ ವ್ಯಾಕರಣವನ್ನು ಬೋಧಿಸಿದವಳಿಗೆ ಅದನ್ನು ಬಿಟ್ಟು ಮಾತನಾಡುವುದು ಕಷ್ಟ.

ನಮ್ಮ ಊರು ಅರಕಲಗೂಡು ತಾಲ್ಲೂಕಿನದು. ರಾಮನಾಥಪುರದ ಕಡೆಯ ಒಂದು ಸಣ್ಣ ಗ್ರಾಮ. ನಮ್ಮವರ ಬಾಯಿಯಲ್ಲಿ ಹಕಾರವೇ ಇರಲಿಲ್ಲ. ಹಳ್ಳಿ ನಮಗೆ ಅಳ್ಳಿ, ಹಾಲು ಆಲು, ಹೂವು ಊವು, ಹಸು ಅಸು. ಹೊಳೆನರಸೀಪುರವು ಒಳೆನರ್ಸೀಪುರ; ಅಲ್ಲಿ ಹರಿಯುವ ನದಿಯು ಏಮಾವತಿ. ವರ್ಷಕ್ಕೊಮ್ಮೆ ಆಶ್ವಯುಜ ಮಾಸದಲ್ಲಿ ಬಾಗಿಲು ತೆರೆಯುವ ಹಾಸನಾಂಬೆಯನ್ನು ನಮ್ಮ ಅಜ್ಜಿ ‘ಆಸನಮ್ಮ’ ಎಂದೇ ಕರೆದು ಕೈಮುಗಿಯುತ್ತಿದ್ದಳು. ದೇವಿಯು ಅದಕ್ಕಾಗಿ ಎಂದೂ ಮುನಿದಂತೆ ಕಾಣಲಿಲ್ಲ. ಹಾಸನಕ್ಕೆ ಆ ಹೆಸರು ಹೇಗೆ ಬಂತೆಂದು ಕೇಳಿದರೆ, ಹಾಸವನ್ನು ಬೀರುವ ತಾಯಿಯಿಂದ ಬಂತೆಂದು ಕೆಲವರೂ, ಸಿಂಹಾಸನಪುರಿ ಎಂಬುದು ಸವೆದು ಬಂತೆಂದು ಸ್ಥಳಪುರಾಣದವರೂ ಹೇಳುವರು. ಎರಡನೆಯವರ ಮಾತು ನಿಜವಾದರೆ ಅಜ್ಜಿಯ ಉಚ್ಚಾರಣೆಯಲ್ಲಿ ‘ಆಸನ’ವಾದರೂ ಸುರಕ್ಷಿತವಾಗಿಯೇ ಉಳಿದಿತ್ತು.

1950ರ ದಶಕದ ಕೊನೆಯಲ್ಲಿ ನನ್ನನ್ನು ಹಾಸನದ ಮಿಷನ್ ಬಾಲಿಕಾ ಪಾಠಶಾಲೆಗೆ ಸೇರಿಸಿದರು. ಹೊರಡುವ ಮುನ್ನ, ಮೆಟ್ರಿಕ್ಯುಲೇಷನ್ ವರೆಗೆ ಓದಿದ್ದ ನಮ್ಮ ಸೋದರಮಾವನು, ‘ಪಟ್ಟಣದಲ್ಲಿ ಹಕಾರವಿಲ್ಲದೆ ಮಾತನಾಡಬೇಡ, ನಗುವರು’ ಎಂದು ಎಚ್ಚರಿಕೆ ಕೊಟ್ಟನು. ದಾರಿಯುದ್ದಕ್ಕೂ ಮೋಟಾರಿನಲ್ಲಿ ನಾನು ಆ ಒಂದು ಅಕ್ಷರವನ್ನು ಗಂಟಲಿನಲ್ಲಿ ಸಿದ್ಧವಾಗಿಟ್ಟುಕೊಂಡು ಕುಳಿತಿದ್ದೆನು. ತರಗತಿಯಲ್ಲಿ ಮೊದಲನೆಯ ದಿನ ಯಾವ ಊರೆಂದು ಕೇಳಿದರು. ನಾನು ಎದ್ದುನಿಂತು, ಬಲವಾಗಿ ಉಸಿರು ತುಂಬಿಕೊಂಡು, ‘ಹರಕಲಗೂಡು’ ಎಂದೆನು.

ನಗುವಿನ ಶಬ್ದ ಈಗಲೂ ಕಿವಿಯಲ್ಲಿದೆ. ಅರಕಲಗೂಡೆಂದರೆ ಅರ್ಕನ ಗೂಡು, ಸೂರ್ಯನ ಮನೆ ಎಂದು ನಮ್ಮ ಕಡೆಯವರು ಹೆಮ್ಮೆಪಡುವರು. ಅರ್ಕೇಶ್ವರನ ದೇವಾಲಯವೂ ಅಲ್ಲಿರುವುದು. ಅಂತಹ ಊರನ್ನು ನಾನು ಒಂದೇ ಅಕ್ಷರದಿಂದ ಹರಕು ಮುರುಕಿನ ಗೂಡಾಗಿ ಮಾಡಿಬಿಟ್ಟಿದ್ದೆನು. ಮಧ್ಯಾಹ್ನದೊಳಗೆ ನನಗೆ ‘ಹರಕಲು ಗೂಡಿನ ಹಕ್ಕಿ’ ಎಂದು ಹೆಸರಾಯಿತು. ಆ ಹೆಸರನ್ನು ನನ್ನಿಂದಲೇ ಹೇಳಿಸುವುದು ಅವರಿಗೊಂದು ವಿನೋದ. ಏಕೆಂದರೆ ನಾನು ಮರೆತು ಮಾತನಾಡಿದರೆ ಹಕ್ಕಿಯು ಅಕ್ಕಿಯಾಗುತ್ತಿತ್ತು. ನನ್ನ ಕೊಠಡಿಯಲ್ಲಿದ್ದವರು ಇಬ್ಬರು, ಒಬ್ಬಳು ಹೊಳೆನರಸೀಪುರದವಳು, ಮತ್ತೊಬ್ಬಳು ಚನ್ನರಾಯಪಟ್ಟಣದವಳು. ಕೆಟ್ಟ ಹುಡುಗಿಯರಲ್ಲ. ಆದರೆ ನಗುವಾಗ ಎಲ್ಲರೊಡನೆ ನಕ್ಕರು. ಉಪಾಧ್ಯಾಯಿನಿಯರೊಬ್ಬರು ನನ್ನನ್ನು ನಿಲ್ಲಿಸಿ ಹತ್ತು ಸಲ ‘ಹಾಸನ’ ಎಂದು ಹೇಳಿಸಿದರು. ಆ ಅರ್ಧವರ್ಷ ನಾನು ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಹೌದೆಂದು ಕೂಡ ಹೇಳಲಿಲ್ಲ. ‘ಹೌದು’ ಎಂಬುದರ ಮೊದಲನೆಯ ಅಕ್ಷರವೇ ಶತ್ರುವಾಗಿತ್ತು. ತಲೆಯಾಡಿಸುತ್ತಿದ್ದೆನು.

ಮಾತು ಬಿಟ್ಟವಳಿಗೆ ತೋಟವೇ ಗತಿ. ಶಾಲೆಯ ತೋಟವನ್ನು ನೋಡಿಕೊಳ್ಳುತ್ತಿದ್ದವರು ವಯಸ್ಸಾದ ಸಿಸ್ಟರ್ ಒಬ್ಬರು. ಆಗಿನ್ನೂ ಪೂಜೆಯು ಲ್ಯಾಟಿನಿನಲ್ಲಿಯೇ ನಡೆಯುತ್ತಿದ್ದ ಕಾಲ; ದೇಶಭಾಷೆಗಳಲ್ಲಿ ಪೂಜೆ ನಡೆಯುವಂತಾದುದು 1962ರಿಂದ 1965ರವರೆಗೆ ಕೂಡಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ. ಸಿಸ್ಟರಿಗೆ ಲ್ಯಾಟಿನ್ ಚೆನ್ನಾಗಿ ಬರುತ್ತಿತ್ತು, ವ್ಯಾಕರಣ ಸಹಿತವಾಗಿ. ಗಿಡಗಳ ಬುಡದಲ್ಲಿ ತಗಡಿನ ಚೂರುಗಳ ಮೇಲೆ ಶಾಸ್ತ್ರೀಯ ನಾಮಗಳನ್ನು ಬಿಳಿಯ ಬಣ್ಣದಲ್ಲಿ ಬರೆದು ನೆಟ್ಟಿದ್ದರು. ಬಾವಿಯ ಪಕ್ಕದಲ್ಲಿ ರತ್ನಗಂಧಿಯ ಗಿಡವಿತ್ತು. ಕೆಂಪು ಹಳದಿ ಬೆರೆತ ಎಸಳು, ಹೊರಕ್ಕೆ ಚಾಚಿದ ಉದ್ದನೆಯ ಕೇಸರಗಳು. ಅದರ ತಗಡಿನ ಮೇಲೆ ‘ಸಿಸಾಲ್ಪಿನಿಯ ಪುಲ್ಕೆರ್ರಿಮ’ ಎಂದಿತ್ತು. ಬರೆದಿದ್ದುದು ರೋಮನ್ ಲಿಪಿಯಲ್ಲಿ. ಅದರಲ್ಲಿ ಸಿ ಎಂಬ ಅಕ್ಷರದ ಮುಂದೆ ಹೆಚ್ ಇತ್ತು. (ಆ ಅಕ್ಷರವನ್ನು ಇಂಗ್ಲಿಷಿನವರು ಹಕಾರವಿಲ್ಲದೆ ‘ಎಚ್’ ಎನ್ನುವರು, ನಮ್ಮಲ್ಲಿ ಅನೇಕರು ‘ಹೆಚ್’ ಎನ್ನುವರು. ಇದಕ್ಕೆ ಯಾರೂ ಯಾರನ್ನೂ ನಗುವುದಿಲ್ಲ.)

ನೀರು ಹಾಕುತ್ತಿದ್ದ ನಾನು ಅದನ್ನು ಕೂಡಿಸಿಕೊಂಡು ‘ಪುಲ್ಚೆರ್ರಿಮ’ ಎಂದು ಓದಿದೆನು. ಸಿಸ್ಟರ್ ತಿದ್ದಿದರು. ನಾನು ಆ ವರ್ಷದಲ್ಲಿ ಕೇಳಿದ ಮೊದಲನೆಯ ಪ್ರಶ್ನೆ ಇದು: ‘ಸಿಸ್ಟರ್, ಹೇಳುವುದಿಲ್ಲವಾದರೆ ಆ ಹೆಚ್ ಏಕೆ?’

ಅವರು ಕೈಯ ಮಣ್ಣನ್ನು ಒರೆಸಿಕೊಂಡು ಬಾವಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ‘ಮಗೂ, ಆ ಹೆಚ್ ಅಲ್ಲಿ ಇರಬೇಕಾದುದೇ ಅಲ್ಲ. ರೋಮಿನ ಜನ ನಿನ್ನ ಹಾಗೆ ಹೆದರಿ ಹಾಕಿಕೊಂಡದ್ದು’ ಎಂದರು.

ಅಂದು ಅವರು ಹೇಳಿದುದನ್ನೂ, ಮುಂದೆ ನಾನು ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ಲ್ಯಾಟಿನಿನಲ್ಲಿ ಚೆಲುವನಿಗೆ ‘ಪುಲ್ಖೆರ್’ ಎಂದು ಹೆಸರು. ಚೆಲುವೆಯು ‘ಪುಲ್ಖ್ರಾ’, ಚೆಲುವಾದ ವಸ್ತುವು ‘ಪುಲ್ಖ್ರುಮ್’. ನಮ್ಮ ಲಿಪಿಯಲ್ಲಿ ಬರೆಯುವಾಗ ಖಕಾರವನ್ನು ಹಾಕಿದ್ದೇನೆ, ಏಕೆಂದರೆ ಪೂರ್ವಕಾಲದ ರೋಮನರು ಅದನ್ನು ಮಹಾಪ್ರಾಣವಾಗಿಯೇ ಉಚ್ಚರಿಸುವಂತಾಗಿದ್ದರು. ಕ್ರೈಸ್ತಸಭೆಯ ಉಚ್ಚಾರಣೆಯಲ್ಲಿ ಅದು ಬರಿಯ ಕಕಾರ. ಆದರೆ ಆರಂಭದಲ್ಲಿ ಆ ಪದವು ‘ಪುಲ್ಕೆರ್’ ಎಂದೇ ಇತ್ತು. ಅಚ್ಚ ಲ್ಯಾಟಿನ್ ಮಾತುಗಳಲ್ಲಿ, ನಮ್ಮ ಅಚ್ಚಗನ್ನಡದ ಮಾತುಗಳಲ್ಲಿ ಹೇಗೋ ಹಾಗೆ, ಮಹಾಪ್ರಾಣಗಳಿಗೆ ಸ್ಥಾನವಿರಲಿಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಗ್ರೀಕರ ವಿದ್ಯೆಯೂ ಗ್ರೀಕ್ ಮಾತುಗಳೂ ರೋಮಿಗೆ ಹೆಚ್ಚಾಗಿ ಬಂದುವು. ಅವುಗಳ ಖಕಾರ ಥಕಾರ ಫಕಾರಗಳನ್ನು ಸರಿಯಾಗಿ ಉಚ್ಚರಿಸುವುದು ಓದಿದವರ ಲಕ್ಷಣವಾಯಿತು. ಓದದವರು ಅದನ್ನು ನೋಡಿ, ತಾವೂ ಓದಿದವರಂತೆ ಕಾಣಬೇಕೆಂದು, ಬೇಡದ ಕಡೆಯಲ್ಲಿಯೂ ಹಕಾರವನ್ನು ಹಚ್ಚತೊಡಗಿದರು. ಹಾಗೆ ಹಚ್ಚಿಸಿಕೊಂಡು ಮರಳಿ ಕಳೆದುಕೊಳ್ಳದೆ ಉಳಿದ ಮಾತುಗಳಲ್ಲಿ ಚೆಲುವಿನ ಮಾತು ಒಂದು.

ಇದಕ್ಕೆ ಸಾಕ್ಷಿ ಸಾಮಾನ್ಯನಲ್ಲ. ಕ್ರಿಸ್ತಪೂರ್ವ 46ರಲ್ಲಿ ವಾಗ್ಮಿಯ ಲಕ್ಷಣವನ್ನು ಕುರಿತು ಬರೆದ ಗ್ರಂಥದಲ್ಲಿ ಸಿಸೆರೊ ತನ್ನ ಕಥೆಯನ್ನೇ ಹೇಳಿಕೊಂಡಿದ್ದಾನೆ. ಹಿರಿಯರು ಸ್ವರಗಳಿಗಲ್ಲದೆ ಬೇರೆಲ್ಲಿಯೂ ಹಕಾರವನ್ನು ಹಚ್ಚುತ್ತಿರಲಿಲ್ಲವೆಂದು ಬಲ್ಲವನಾದುದರಿಂದ ಅವನು ಬಹುಕಾಲ ಚೆಲುವಿನ ಮಾತನ್ನು ಹಕಾರವಿಲ್ಲದೆಯೇ ಹೇಳುತ್ತಿದ್ದನಂತೆ. ಕೊನೆಗೆ ಜನರ ಕಿವಿಗೆ ಅದು ಒಗ್ಗದೆ ಹೋದುದರಿಂದ, ಆಡುವ ರೂಢಿಯನ್ನು ಜನಕ್ಕೆ ಒಪ್ಪಿಸಿ, ತಿಳಿವಳಿಕೆಯನ್ನು ಮಾತ್ರ ತನ್ನಲ್ಲಿ ಉಳಿಸಿಕೊಂಡನಂತೆ. ಗೋರಿಗೆ ಹೇಳುವ ‘ಸೆಪುಲ್ಕ್ರುಮ್’ ಎಂಬ ಮಾತನ್ನು ಮಾತ್ರ ಹಕಾರವಿಲ್ಲದೆ ಹೇಳುವುದನ್ನು ಬಿಡಲಿಲ್ಲ. ಸಿಸೆರೊವಿನ ಕಾಲದವನೇ ಆದ ಕಟುಲ್ಲಸ್ ಎಂಬ ಕವಿಯು, ಸಿಕ್ಕಿದ ಕಡೆಯೆಲ್ಲ ಹಕಾರವನ್ನು ಊದುತ್ತಿದ್ದ ಅರ್ರಿಯಸ್ ಎಂಬವನನ್ನು ಹಾಸ್ಯಮಾಡಿ ಒಂದು ಪದ್ಯವನ್ನು ಕಟ್ಟಿದ್ದಾನೆ. ಸಿಸ್ಟರ್ ಆ ಅರ್ರಿಯಸ್ಸನ ವಿಷಯವನ್ನು ಹೇಳಿದಾಗ ನನಗೆ ನಗು ಬರಲಿಲ್ಲ. ಅವನನ್ನು ಕಂಡು ಮಾತನಾಡಿಸಬೇಕೆನ್ನಿಸಿತು. ಎರಡು ಸಾವಿರ ವರ್ಷಗಳ ಹಿಂದೆ, ನನ್ನಂತೆಯೇ, ಗಂಟಲಿನಲ್ಲಿ ಹಕಾರವನ್ನು ಸಿದ್ಧವಾಗಿಟ್ಟುಕೊಂಡು ಪಟ್ಟಣಕ್ಕೆ ಬಂದವನು!

ಆಮೇಲೆ ಸಾಯಂಕಾಲಗಳಲ್ಲಿ ಸಿಸ್ಟರ್ ನನಗೆ ಆ ಒಂದೇ ಪದದ ಮೂಲಕ ಎಷ್ಟೋ ವ್ಯಾಕರಣವನ್ನು ಕಲಿಸಿದರು. ಕನ್ನಡದಲ್ಲಿ ಚೆಲುವಾದ ಹುಡುಗ, ಚೆಲುವಾದ ಹುಡುಗಿ, ಚೆಲುವಾದ ಹೂವು ಎಂದು ವಿಶೇಷಣವು ಯಾರ ಮುಂದೆ ನಿಂತರೂ ತನ್ನ ರೂಪವನ್ನು ಬದಲಾಯಿಸದು. ಲ್ಯಾಟಿನಿನಲ್ಲಿ ಸಂಸ್ಕೃತದಲ್ಲಿರುವಂತೆ ಅದು ವಿಶೇಷ್ಯದ ಲಿಂಗವಚನವಿಭಕ್ತಿಗಳನ್ನು ಅನುಸರಿಸಿ ನಡೆಯಬೇಕು. ರತ್ನಗಂಧಿಯ ತಗಡಿನಲ್ಲಿದ್ದ ‘ಪುಲ್ಖೆರ್ರಿಮ’ ಎಂಬುದು ಸ್ತ್ರೀಲಿಂಗದ ಅತಿಶಯ ರೂಪ. ಲ್ಯಾಟಿನಿನ ಅತಿಶಯ ಪ್ರತ್ಯಯವು ಸಾಮಾನ್ಯವಾಗಿ ಸಕಾರವುಳ್ಳದ್ದು. ಆದರೆ ‘ಎರ್’ ಎಂದು ಮುಗಿಯುವ ವಿಶೇಷಣಗಳ ಮುಂದೆ ಬಂದಾಗ ಸಕಾರವು ಹಿಂದಿನ ರೇಫೆಯನ್ನು ಹೋಲಿ ತಾನೂ ರೇಫೆಯಾಗುವುದು. ಆದುದರಿಂದ ಅಲ್ಲಿ ಎರಡು ರೇಫೆಗಳು. ನಮ್ಮ ಸವರ್ಣದ ಸಂಧಿಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಸಿಸಾಲ್ಪಿನಿಯ ಎಂಬುದು ಚೆಸಾಲ್ಪಿನೊ ಎಂಬ ಇಟಲಿಯ ಗಂಡುಪಂಡಿತನ ಹೆಸರಿನಿಂದ ಬಂದಿದ್ದರೂ ಗಿಡದ ಹೆಸರಾಗಿ ಸ್ತ್ರೀಲಿಂಗವಾಗಿದೆ; ಅದಕ್ಕೆ ತಕ್ಕಂತೆ ವಿಶೇಷಣವೂ ಹೆಣ್ಣಾಯಿತು. 1753ರಲ್ಲಿ ಲಿನ್ನೇಯಸನು ಈ ಗಿಡಕ್ಕೆ ‘ಪುಲ್ಖೆರ್ರಿಮ’ ಎಂದು ಹೆಸರಿಟ್ಟಾಗ ಅದರ ಕುಲನಾಮ ಬೇರೆಯಾಗಿತ್ತು; 1791ರಲ್ಲಿ ಸ್ವಾರ್ಟ್ಸ್ ಎಂಬ ಪಂಡಿತನು ಅದನ್ನು ಸಿಸಾಲ್ಪಿನಿಯಕ್ಕೆ ಸೇರಿಸಿದನು. ಕುಲ ಬದಲಾದರೂ ಚೆಲುವೆಂಬ ಮಾತು ಅದರ ಜೊತೆಯಲ್ಲಿಯೇ ಬಂದಿತು.

ಆ ಅತಿಶಯರೂಪದಲ್ಲಿ ನನಗೆ ಬಹಳ ಹಿಡಿಸಿದ ಒಂದು ಗುಣವಿದೆ. ನಾವು ‘ಎಲ್ಲಕ್ಕಿಂತ ಚೆಲುವು’ ಎನ್ನಬೇಕಾದರೆ ಆ ‘ಎಲ್ಲ’ವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಳೆಯಬೇಕು. ಲ್ಯಾಟಿನಿನ ಅತಿಶಯಕ್ಕೆ ‘ಎಲ್ಲಕ್ಕಿಂತ’ ಎಂಬ ಅರ್ಥವೂ ಉಂಟು, ಬರಿಯ ‘ಬಹು ಚೆಲುವು’ ಎಂಬ ಅರ್ಥವೂ ಉಂಟು. ಹದಿಮೂರು ವರ್ಷದ ಹುಡುಗಿಯರು ನಲವತ್ತು ಮಂದಿ ಒಂದೇ ಕನ್ನಡಿಯ ಮುಂದೆ ಜಡೆ ಹೆಣೆದುಕೊಳ್ಳುವ ಸ್ಥಳದಲ್ಲಿ ಈ ಎರಡನೆಯ ಅರ್ಥವು ಎಷ್ಟು ಸಮಾಧಾನಕರವೆಂಬುದನ್ನು ವಿವರಿಸಬೇಕಾಗಿಲ್ಲ.

ಗುಣವಾಚಕದಿಂದ ಭಾವನಾಮವನ್ನು ಮಾಡುವ ರೀತಿಯೂ ನೋಡತಕ್ಕದ್ದು. ಸಂಸ್ಕೃತದಲ್ಲಿ ಸುಂದರವು ಸೌಂದರ್ಯವಾಗುವಾಗ, ಮಧುರವು ಮಾಧುರ್ಯವಾಗುವಾಗ, ಬಾಲಕ್ಕೆ ಪ್ರತ್ಯಯ ಹತ್ತುವುದಲ್ಲದೆ ತಲೆಯ ಸ್ವರವೂ ವೃದ್ಧಿಯಾಗುವುದು. ಲ್ಯಾಟಿನಿನ ‘ಪುಲ್ಖ್ರಿತೂದೋ’ ಎಂಬುದರಲ್ಲಿ ತಲೆಯನ್ನು ಮುಟ್ಟದೆ ಬಾಲಕ್ಕೆ ಮಾತ್ರ ‘ತೂದೋ’ ಎಂಬ ಪ್ರತ್ಯಯ ಸೇರಿದೆ. ಷಷ್ಠಿಯಲ್ಲಿ ಅದು ‘ಪುಲ್ಖ್ರಿತೂದಿನಿಸ್’. ಸೌಂದರ್ಯವು ಸಂಸ್ಕೃತದಲ್ಲಿ ನಪುಂಸಕಲಿಂಗ, ಚೆಲುವು ಕನ್ನಡದಲ್ಲಿ ನಪುಂಸಕಲಿಂಗ. ರೋಮನರಿಗೆ ಮಾತ್ರ ಅದು ಸ್ತ್ರೀಲಿಂಗ. ಹೆಣ್ಣಿನ ಮುಖವನ್ನು ನೆನೆದು ಹಾಗೆ ಮಾಡಿದರೆಂದು ತಿಳಿಯಬಾರದು. ಆ ಪ್ರತ್ಯಯ ಹತ್ತಿದ ದೊಡ್ಡತನ, ಎತ್ತರ, ಗುಂಪು ಎಂಬ ಅರ್ಥದ ಮಾತುಗಳೆಲ್ಲ ಸ್ತ್ರೀಲಿಂಗಗಳೇ. ಇಂಗ್ಲಿಷಿನವರು ಈ ಮಾತನ್ನು ‘ಪಲ್ಕ್ರಿಟ್ಯೂಡ್’ ಎಂದು ಎರವಲು ತಂದುಕೊಂಡಿದ್ದಾರೆ. ಚೆಲುವನ್ನು ಹೇಳುವ ಮಾತು ಇಷ್ಟು ಕುರೂಪವಾಗಿ ಕೇಳಿಸುವುದು ಬೇರೆ ಯಾವ ಭಾಷೆಯಲ್ಲಿಯೂ ಇರಲಾರದೆಂದು ನನ್ನ ಅಭಿಪ್ರಾಯ.

ಪುಲ್ಖೆರ್ ಎಂಬುದರ ಧಾತು ಯಾವುದೆಂಬುದರಲ್ಲಿ ಪಂಡಿತರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ನಮ್ಮ ಸುಂದರ ಶಬ್ದದ ಮೂಲವೂ ಹಾಗೆಯೇ ವಿವಾದದಲ್ಲಿದೆ. ವೇದದ ‘ಸೂನರ’ವೇ ನಡುವೆ ದಕಾರವನ್ನು ಸೇರಿಸಿಕೊಂಡು ಸುಂದರವಾಯಿತೆಂದು ಕೆಲವರು ಹೇಳುವರು. ಹಾಗಾಗಿದ್ದರೆ ಅಲ್ಲಿಯೂ ಕರೆಯದೆ ಬಂದ ಅಕ್ಷರವೊಂದು ಒಳಗೆ ಕುಳಿತುಬಿಟ್ಟಂತಾಯಿತು.

ಚನ್ನರಾಯಪಟ್ಟಣದ ಗೆಳತಿಗೆ ಈ ಪಾಠಗಳಲ್ಲಿ ಆಸಕ್ತಿ ಹುಟ್ಟಿದುದು ಒಂದು ಹೆಸರಿನಿಂದ. ರೋಮಿನಲ್ಲಿ ಕ್ಲಾಡಿಯಸ್ ವಂಶದ ಒಂದು ಶಾಖೆಯವರಿಗೆ ‘ಪುಲ್ಖೆರ್’ ಎಂಬುದೇ ಅಡ್ಡಹೆಸರು. ಅವರಲ್ಲಿ ಒಬ್ಬನು ಕ್ರಿಸ್ತಪೂರ್ವ 249ರಲ್ಲಿ ನೌಕಾಯುದ್ಧಕ್ಕೆ ಮುಂಚೆ ಶಕುನದ ಕೋಳಿಗಳು ಕಾಳು ತಿನ್ನಲಿಲ್ಲವೆಂದು, ತಿನ್ನದಿದ್ದರೆ ಕುಡಿಯಲೆಂದು, ಅವುಗಳನ್ನು ಸಮುದ್ರಕ್ಕೆ ಎಸೆಸಿ, ಯುದ್ಧದಲ್ಲಿ ಸೋತುಹೋದನೆಂದು ಕಥೆ. ‘ಹಾಗಾದರೆ ಅವನು ನಮ್ಮ ಚೆನ್ನಪ್ಪನೇ!’ ಎಂದಳು ಅವಳು. ನಿಜ. ನಮ್ಮ ಜಿಲ್ಲೆಯೇ ಚೆನ್ನನ ಜಿಲ್ಲೆ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ದೇವರು ಇಂದು ಚೆನ್ನಕೇಶವ. ಕೊಳತೂರೆಂದಿದ್ದ ಗ್ರಾಮವನ್ನು ಸುಮಾರು 1600ರಲ್ಲಿ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕನು ತೆಗೆದುಕೊಂಡು, ಮುಪ್ಪಿನಲ್ಲಿ ಚನ್ನರಾಯಸ್ವಾಮಿಯ ವರದಿಂದ ಹುಟ್ಟಿದನೆಂದು ನಂಬಿದ್ದ ಮಗನಿಗೆ ಕೊಟ್ಟುದರಿಂದ ಅದು ಚನ್ನರಾಯಪಟ್ಟಣವಾಯಿತೆಂದು ರೈಸ್ ಸಾಹೇಬರ ಗೆಜೆಟಿಯರಿನಲ್ಲಿದೆ. ಇದನ್ನು ತಿಳಿದ ಮೇಲೆ ಕೊಠಡಿಯಲ್ಲಿ ಆ ಇಬ್ಬರು ಗೆಳತಿಯರಿಗೂ, ನಿಮ್ಮೂರಿನವರು ನಮ್ಮೂರನ್ನು ಕಸಿದುಕೊಂಡರೆಂದೂ ಇಲ್ಲ ಹೆಸರು ಕೊಟ್ಟರೆಂದೂ ಒಂದು ವಾರ ವ್ಯಾಜ್ಯ ನಡೆಯಿತು. ನಾನು ನ್ಯಾಯಾಧೀಶೆಯಾಗಿದ್ದೆನು. ಮಾತು ಮರಳಿ ಬಂದುದು ಹಾಗೆ.

ಮೈಸೂರಿನಲ್ಲಿ ಕನ್ನಡವನ್ನು ಓದುವಾಗ ಹಕಾರದ ಉಳಿದ ಚರಿತ್ರೆಯೂ ತಿಳಿಯಿತು. ನನ್ನನ್ನು ಅಳಿಸಿದ ಈ ಅಕ್ಷರವು ಆ ಮಾತುಗಳಿಗೆ ತಾನೇ ಹೊಸದಾಗಿ ಬಂದುದು! ಹಳಗನ್ನಡದಲ್ಲಿ ಹಳ್ಳಿಯು ಪಳ್ಳಿ, ಹಾಲು ಪಾಲ್, ಹೊಳೆಯು ಪೊಳೆ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣರವರು ಬೆಳಕಿಗೆ ತಂದ ಶಾಸನವು ಐದನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲ್ಪಟ್ಟಿದೆ. ಅದರಲ್ಲಿ ಆ ಊರಿನ ಹೆಸರು ‘ಪಲ್ಮಿಡಿ’. ಹೊಯ್ಸಳರು ಕೂಡ ಶಾಸನಗಳಲ್ಲಿ ಕೆಲವೆಡೆ ಪೊಯ್ಸಳರು, ಕೆಲವೆಡೆ ಹೊಯ್ಸಳರು. ಪಕಾರವು ಸಡಿಲವಾಗಿ ಹಕಾರವಾಯಿತು. ಹಕಾರವು ಇನ್ನಷ್ಟು ಸಡಿಲವಾಗಿ ನಮ್ಮೂರಿನವರ ಬಾಯಿಯಲ್ಲಿ ಇಲ್ಲವೇ ಆಯಿತು. ಪಳ್ಳಿ, ಹಳ್ಳಿ, ಅಳ್ಳಿ: ಒಂದೇ ಇಳಿಜಾರಿನ ಮೂರು ಮೆಟ್ಟಿಲುಗಳು. ಎರಡನೆಯ ಮೆಟ್ಟಿಲಿನಲ್ಲಿ ನಿಂತವರು ಮೂರನೆಯದರಲ್ಲಿ ನಿಂತವರನ್ನು ನಗುತ್ತಿದ್ದರು, ಅಷ್ಟೆ.

ಇದೇ ಇಳಿಜಾರನ್ನು ಲ್ಯಾಟಿನಿನ ಇನ್ನೊಂದು ಚೆಲುವಿನ ಮಾತು ಇಳಿದಿದೆ. ರೂಪಕ್ಕೆ ‘ಫೋರ್ಮಾ’, ರೂಪವಂತನಿಗೆ ‘ಫೋರ್ಮೋಸುಸ್’. ಪುಲ್ಖೆರ್ ಎಂಬುದು ಜನರ ಮಾತಿನಿಂದ ಮರೆಯಾದಾಗ ಫ್ರೆಂಚರೂ ಇಟಲಿಯವರೂ ‘ಬೆಲ್ಲುಸ್’ ಎಂಬುದನ್ನು ಹಿಡಿದರು. ಸ್ಪೇನಿನವರು ಫೋರ್ಮೋಸುಸ್ ಎಂಬುದನ್ನು ಉಳಿಸಿಕೊಂಡರು. ಆದರೆ ಅವರ ಬಾಯಿಯಲ್ಲಿ ಫಕಾರವು ಹಕಾರವಾಯಿತು, ಬಳಿಕ ಹಕಾರವೂ ಲೋಪವಾಯಿತು. ಈಗ ಚೆಲುವೆಯನ್ನು ‘ಹೆರ್ಮೋಸ’ ಎಂದು ಬರೆದು ‘ಎರ್ಮೋಸ’ ಎಂದು ಓದುವರು. ಇಡೀ ರಾಷ್ಟ್ರವೇ, ನಮ್ಮ ಅಜ್ಜಿಯಂತೆ!

ಇಷ್ಟೆಲ್ಲ ತಿಳಿದವಳು ಹೇಗೆ ನಡೆದುಕೊಂಡೆನೆಂಬುದನ್ನೂ ಬರೆಯದಿದ್ದರೆ ಈ ಲೇಖನ ಸುಳ್ಳಾಗುವುದು. ಕನ್ನಡದ ಉಪಾಧ್ಯಾಯಿನಿಯಾಗಿ ಚನ್ನರಾಯಪಟ್ಟಣದ ಕಡೆಯ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಪರೀಕ್ಷಾಧಿಕಾರಿಗಳು ಬರುವ ದಿನ ಹತ್ತಿರವಾಗಿತ್ತು. ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದ ಹುಡುಗಿಯೊಬ್ಬಳು ‘ಹೆಸರು’ ಎಂಬುದನ್ನು ‘ಎಸರು’ ಎಂದಳು. ನಾನು ಅವಳನ್ನು ನಿಲ್ಲಿಸಿ, ‘ಒಲೆಯ ಮೇಲೆ ಇಟ್ಟಿರುವೆಯೋ?’ ಎಂದು ಕೇಳಿದೆನು. ತರಗತಿಯು ನಕ್ಕಿತು. ಆ ನಗುವಿನ ಶಬ್ದವನ್ನು ನಾನು ಮೊದಲೇ ಕೇಳಿದ್ದೆನು. ಅವಳು ಕುಳಿತಳು. ಆ ವರ್ಷವೆಲ್ಲ ಅವಳು ಗಟ್ಟಿಯಾಗಿ ಓದಲಿಲ್ಲ, ನಾನೂ ಓದೆಂದು ಹೇಳುವ ಧೈರ್ಯಮಾಡಲಿಲ್ಲ. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಮದುವೆಯಾಯಿತೆಂದು ಹೇಳಿದರು. ಕಾರಣ ಅದೇ ಇರಬಹುದು. ನನ್ನ ಮಾತು ಕಾರಣವಲ್ಲವೆಂದು ನನಗೆ ನಾನೇ ಅನೇಕ ಸಲ ಹೇಳಿಕೊಂಡಿದ್ದೇನೆ.

ಅಂದಿನಿಂದ ನಿವೃತ್ತಳಾಗುವವರೆಗೆ ಬರವಣಿಗೆಯಲ್ಲಿ ಹಕಾರವನ್ನು ತಪ್ಪದೆ ತಿದ್ದಿದೆನು, ಬಾಯಿಮಾತಿನಲ್ಲಿ ಎಂದೂ ತಿದ್ದಲಿಲ್ಲ. ಪರೀಕ್ಷೆಯಲ್ಲಿ ಅಂಕ ಕಳೆಯುವವರು ಸ್ಪೇನಿನವರಲ್ಲವಾದುದರಿಂದ ಬರವಣಿಗೆಯನ್ನು ಬಿಡುವಂತಿರಲಿಲ್ಲ. ಮೇಲಧಿಕಾರಿಗಳೊಬ್ಬರು ಇದು ಅಲಕ್ಷ್ಯವೆಂದು ತಪಾಸಣೆಯ ಪುಸ್ತಕದಲ್ಲಿ ಬರೆದರು. ಸಿಸೆರೊವಿನ ಹೆಸರನ್ನು ಅವರಿಗೆ ಹೇಳಿ ಪ್ರಯೋಜನವಿರಲಿಲ್ಲ.

ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆಂದು ಶಾಲೆಗೆ ಹೋದಾಗ ಬಾವಿಯ ಕಡೆಗೆ ನಡೆದೆನು. ಬಾವಿಯನ್ನು ಮುಚ್ಚಿದ್ದಾರೆ. ಅದೇ ಗಿಡವೋ ಅದರ ಬೀಜದಿಂದ ಎದ್ದುದೋ, ರತ್ನಗಂಧಿಯು ಮಾತ್ರ ಇದೆ, ತಗಡಿಲ್ಲ. ಐದನೆಯ ತರಗತಿಯ ವಯಸ್ಸಿನ ಇಬ್ಬರು ಹುಡುಗಿಯರು ಅಲ್ಲಿ ಉದುರಿದ ಎಸಳುಗಳನ್ನು ಆಯುತ್ತಿದ್ದರು. ಒಬ್ಬಳು ನನ್ನನ್ನು ಕಂಡು, ಪಟ್ಟಣದ ಅಜ್ಜಿಯೊಡನೆ ಸರಿಯಾಗಿ ಮಾತನಾಡಬೇಕೆಂದು ನೆಟ್ಟಗೆ ನಿಂತು, ‘ಹಜ್ಜೀ, ಈ ಊವಿನ ಹೆಸರೇನು?’ ಎಂದಳು. ಅವಳ ಜೊತೆಯವಳು ಬಾಯಿಗೆ ಕೈ ಅಡ್ಡವಿಟ್ಟುಕೊಂಡು ನಕ್ಕಳು.

‘ರತ್ನಗಂಧಿ’ ಎಂದೆನು. ‘ಇನ್ನೊಂದು ಹೆಸರೂ ಇದೆ. ಪುಸ್ತಕ ಕೊಡು, ಬರೆಯುತ್ತೇನೆ.’

ರೋಮನ್ ಅಕ್ಷರಗಳಲ್ಲಿ ಬರೆದುಕೊಟ್ಟೆನು. ಅವಳು ಬೆರಳಿಟ್ಟು ಕೂಡಿಸಿಕೊಂಡು, ‘ಪುಲ್ಚೆರ್ರಿಮ’ ಎಂದು ಓದಿದಳು. ಆ ಹೆಚ್ ಅಲ್ಲಿ ಇರಬೇಕಾದುದಲ್ಲ ಮಗೂ ಎಂದು ನಾನು ಪ್ರಾರಂಭಿಸಿದೆನು. ಇಬ್ಬರೂ ಎಸಳುಗಳನ್ನು ಲಂಗದಲ್ಲಿ ಕಟ್ಟಿಕೊಂಡು ಹತ್ತಿರ ಬಂದು ಕುಳಿತರು.